ಇನ್‌ಹೇಲರ್ ಕೊಟ್ಟರೆ ಸಾಲದು

ಚಿತ್ರದುರ್ಗ ಜಿಲ್ಲೆಯ ಹಳ್ಳಿಗಳಲ್ಲಿ ಉಸಿರಾಟದ ಕಾಯಿಲೆಗೆ ಹೆಸರುಗಳ ಕೊರತೆಯಿಲ್ಲ. ಗೂರಲು, ಉಬ್ಬಸ, ದಮ್ಮು, ಏದುಸಿರು ಎಂದು ಜನ ತಮ್ಮ ತಮ್ಮ ಅನುಭವಕ್ಕೆ ತಕ್ಕಂತೆ ಕರೆಯುತ್ತಾರೆ. ಆದರೆ ವೈದ್ಯರು ಚೀಟಿಯಲ್ಲಿ ಬರೆಯುವ ‘ಸಿಒಪಿಡಿ’ ಎಂಬುದಕ್ಕೆ ಈ ಯಾವ ಹೆಸರೂ ಪೂರ್ತಿಯಾಗಿ ಹೊಂದುವುದಿಲ್ಲ. ಹೊಗೆ, ಧೂಳುಗಳಿಂದ ಶ್ವಾಸನಾಳಗಳು ವರ್ಷಗಟ್ಟಲೆ ಕೆರಳಿ, ಊದಿಕೊಂಡು ಕಿರಿದಾಗುತ್ತವೆ. ಶ್ವಾಸಕೋಶದ ಗಾಳಿಚೀಲಗಳು ಹಿಗ್ಗಿ ಬಿಗಿ ಕಳೆದುಕೊಳ್ಳುತ್ತವೆ. ಒಳಗೆ ಹೋದ ಗಾಳಿ ಸಲೀಸಾಗಿ ಹೊರಬರುವುದಿಲ್ಲ. ಇದು ಒಮ್ಮೆ ಬಂದರೆ ವಾಸಿಯಾಗುವ ರೋಗವಲ್ಲ, ಹತೋಟಿಯಲ್ಲಿಡಬಹುದಾದ ರೋಗ. ‘ದಮ್ಮು’ ಎಂಬ ಮಾತಿನಲ್ಲಾದರೋ ಬಂದು ಹೋಗುವ ಅರ್ಥವಿದೆ. ಬಂದಾಗ ಔಷಧಿ, ಹೋದ ಮೇಲೆ ಔಷಧಿ ಏಕೆ? ಹೆಸರಿನಲ್ಲಿಯೇ ಅಡಗಿರುವ ಈ ಪ್ರಶ್ನೆ ರೋಗಿಯ ನಡವಳಿಕೆಯನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ ಎಂಬುದು ನನ್ನ ಅನುಭವ.

ರೋಗದ ವ್ಯಾಪ್ತಿ ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷ ಜನ ಇದರಿಂದ ಸತ್ತರು. ಸಾವಿನ ಕಾರಣಗಳ ಪಟ್ಟಿಯಲ್ಲಿ ಇದಕ್ಕೆ ನಾಲ್ಕನೆಯ ಸ್ಥಾನ. ಭಾರತದಲ್ಲಿ ಇಂಥ ರೋಗಿಗಳ ಸಂಖ್ಯೆ 1990ರಲ್ಲಿ 2.81 ಕೋಟಿ ಇದ್ದದ್ದು 2016ರ ಹೊತ್ತಿಗೆ 5.53 ಕೋಟಿಗೆ ಏರಿತ್ತೆಂದು 2018ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಆದರೂ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ಸಿಕ್ಕಿರುವ ಪ್ರಚಾರದ ಹತ್ತರಲ್ಲೊಂದು ಪಾಲೂ ಇದಕ್ಕೆ ಸಿಕ್ಕಿಲ್ಲ.

ನಾನು ವೈದ್ಯನಲ್ಲ, ಅರ್ಥಶಾಸ್ತ್ರ ಓದಿ ಸರ್ಕಾರಿ ನೌಕರಿ ಮಾಡಿದವನು. ನಿವೃತ್ತಿಯ ನಂತರ, ಎದೆರೋಗ ತಜ್ಞರಾದ ಸ್ನೇಹಿತರೊಬ್ಬರು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳಲ್ಲಿ ನಡೆಸುವ ಉಚಿತ ತಪಾಸಣೆಗಳಲ್ಲಿ ರೋಗಿಗಳ ಹೆಸರು ಬರೆದುಕೊಳ್ಳುವ ಮೇಜಿನ ಹಿಂದೆ ಕುಳಿತಿದ್ದೇನೆ. ಹೆಸರು, ವಯಸ್ಸು, ಊರುಗಳ ಜೊತೆಗೆ ‘ಈಗ ಏನು ಔಷಧಿ ತೆಗೆದುಕೊಳ್ಳುತ್ತಿದ್ದೀರಿ’ ಎಂದು ಕೇಳುವುದು ನನ್ನ ಕೆಲಸ. ಇದು ಸಮೀಕ್ಷೆಯಲ್ಲ, ಆದ್ದರಿಂದ ಇಲ್ಲಿ ಶೇಕಡಾವಾರು ಲೆಕ್ಕ ಕೊಡುವುದಿಲ್ಲ. ಆದರೆ ಒಂದೇ ಮಾತನ್ನು ನಾಲ್ಕು ತಾಲ್ಲೂಕುಗಳಲ್ಲಿ ನಾಲ್ಕು ಬಗೆಯಾಗಿ ಕೇಳಿದ ಮೇಲೆ ಅದನ್ನು ಕಾಕತಾಳೀಯವೆಂದು ತಳ್ಳಿಹಾಕುವುದೂ ಕಷ್ಟ.

ಮೊದಲಿಗೆ, ಈ ರೋಗಿಗಳು ಯಾರು? ಸಿಒಪಿಡಿ ಎಂದೊಡನೆ ಬೀಡಿ, ಸಿಗರೇಟು ಸೇದುವ ಗಂಡಸರು ನೆನಪಾಗುತ್ತಾರೆ. ಅವರು ಇದ್ದೇ ಇದ್ದಾರೆ. ಆದರೆ ನನ್ನ ಮೇಜಿನ ಮುಂದೆ ನಿಂತ ಸಾಲಿನಲ್ಲಿ ಜೀವಮಾನದಲ್ಲಿ ಒಂದು ಬೀಡಿಯನ್ನೂ ಮುಟ್ಟದ ಹೆಂಗಸರು ಕಡಿಮೆಯೇನೂ ಇರಲಿಲ್ಲ. ಹೊಸದುರ್ಗದ ಕಡೆ ತೆಂಗಿನ ಸೋಗೆ, ಮಟ್ಟೆ, ಕರಟಗಳೇ ಒಲೆಯ ಸೌದೆ. ಹಿರಿಯೂರಿನ ಬಯಲಿನಲ್ಲಿ ಹತ್ತಿಕಟ್ಟಿಗೆ ಮತ್ತು ಎಲ್ಲೆಲ್ಲೂ ಹಬ್ಬಿರುವ ಬಳ್ಳಾರಿ ಜಾಲಿ. ಹೊಳಲ್ಕೆರೆಯ ಅಡಿಕೆ ಸೀಮೆಯಲ್ಲಿ ಕೊಯ್ಲಿನ ತಿಂಗಳುಗಳಲ್ಲಿ ದೊಡ್ಡ ಹಂಡೆಗಳಲ್ಲಿ ಅಡಿಕೆ ಬೇಯಿಸುವ ಕೂಲಿಯವರು ದಿನವಿಡೀ ಹೊಗೆಯ ನಡುವೆ ನಿಂತಿರುತ್ತಾರೆ. ಭೀಮಸಮುದ್ರದ ಸುತ್ತಮುತ್ತ ಅದಿರಿನ ಲಾರಿಗಳ ಕೆಂಧೂಳು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ನಿಲ್ಲಿಸುವ ಮೊದಲಿನ ವರ್ಷಗಳಲ್ಲಿ ಆ ರಸ್ತೆಗಳಲ್ಲಿ ಓಡಾಡಿದವರಿಗೆ ಅದರ ನೆನಪಿರುತ್ತದೆ. ಕ್ಷಯ ವಾಸಿಯಾದ ಮೇಲೆ ಶ್ವಾಸಕೋಶದಲ್ಲಿ ಉಳಿದ ಗಾಯದ ಕಲೆಯಿಂದ ಏದುಸಿರು ಪಡುವವರದು ಇನ್ನೊಂದು ಗುಂಪು. ಜೋಗಿಮಟ್ಟಿಯ ಬೆಟ್ಟಸಾಲಿನ ಗಾಳಿಯಂತ್ರಗಳನ್ನು ಕಂಡಾಗಲೆಲ್ಲ, ಗಾಳಿಯನ್ನು ವಿದ್ಯುತ್ತಾಗಿಸಿ ಮಾರುವ ಜಿಲ್ಲೆಯಲ್ಲಿ ಗಾಳಿಗಾಗಿಯೇ ಇಷ್ಟು ಜನ ಬಾಯಿ ತೆರೆಯಬೇಕೇ ಎನ್ನಿಸುತ್ತದೆ.

ಒಲೆಯ ಹೊಗೆಯ ವಿಚಾರದಲ್ಲಿ ನಮ್ಮ ರಾಜ್ಯದಲ್ಲಿಯೇ ಒಳ್ಳೆಯ ಕೆಲಸ ನಡೆದಿದೆ. ಮೈಸೂರಿನ ಜೆಎಸ್ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಮೈಸೂರು ಜಿಲ್ಲೆಯ ಗ್ರಾಮೀಣ ಮಹಿಳೆಯರನ್ನು ಕುರಿತು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸರಳವಾದ ಒಂದು ಸೂಚ್ಯಂಕವನ್ನು ಬಳಸಿದರು. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ, ಅಂಥ ಎಷ್ಟು ವರ್ಷ ಎಂಬ ಎರಡನ್ನು ಗುಣಿಸಿದರೆ ಆ ಸೂಚ್ಯಂಕ ಸಿಗುತ್ತದೆ. ಅದು 60 ತಲುಪಿದವರಲ್ಲಿ ದೀರ್ಘಕಾಲದ ಕೆಮ್ಮು-ಕಫದ ರೋಗ ಗಮನಾರ್ಹವಾಗಿ ಹೆಚ್ಚು ಕಂಡಿತು. ಹದಿನೆಂಟಕ್ಕೆ ಮದುವೆಯಾಗಿ ದಿನಕ್ಕೆ ಮೂರು ಗಂಟೆ ಒಲೆ ಊದಿದ ಹೆಂಗಸು ಮೂವತ್ತೆಂಟನೆಯ ವಯಸ್ಸಿಗೆ ಆ ಗೆರೆ ಮುಟ್ಟುತ್ತಾಳೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಒಲೆ ಬಂತು. 2016ರಲ್ಲಿ ಉಜ್ವಲಾ, 2017ರಲ್ಲಿ ರಾಜ್ಯದ ಅನಿಲಭಾಗ್ಯ ಬಂದವು. ಅಡುಗೆಮನೆಗೆ ಸಿಲಿಂಡರ್ ಬಂದರೂ ಬಚ್ಚಲ ಒಲೆಗೆ ಸೌದೆಯೇ ಇರುವ ಮನೆಗಳು ಈಗಲೂ ಬೇಕಾದಷ್ಟಿವೆ. ಮೇಲಾಗಿ, ಇಂದು ಒಲೆ ಆರಿಸಿದರೂ ಕಳೆದ ಮೂವತ್ತು ವರ್ಷಗಳ ಹೊಗೆ ಶ್ವಾಸಕೋಶದಿಂದ ಹೊರಹೋಗುವುದಿಲ್ಲ. ಆದ್ದರಿಂದ ಮುಂದಿನ ಎರಡು ದಶಕಗಳವರೆಗಾದರೂ ಈ ರೋಗಿಗಳು ಬರುತ್ತಲೇ ಇರುತ್ತಾರೆ. ಅವರಿಗೆ ಔಷಧಿ ಬೇಕೇ ಬೇಕು.

ಆ ಔಷಧಿ ಇನ್‌ಹೇಲರ್. 1956ರಲ್ಲಿ ಅಮೆರಿಕದ ರೈಕರ್ ಪ್ರಯೋಗಾಲಯ ಮೊದಲ ಒತ್ತಡದ ಇನ್‌ಹೇಲರ್ ಅನ್ನು ಮಾರುಕಟ್ಟೆಗೆ ತಂದಿತು. ಸಂಸ್ಥೆಯ ಮುಖ್ಯಸ್ಥ ಜಾರ್ಜ್ ಮೇಸನ್ ಅವರ ಹದಿಮೂರು ವರ್ಷದ ಮಗಳು ಅಸ್ತಮಾ ರೋಗಿ. ಕೂದಲಿಗೆ ಸಿಂಪಡಿಸುವ ಸ್ಪ್ರೇಯಂತೆ ನನ್ನ ಔಷಧಿಯನ್ನೂ ಡಬ್ಬಿಯಲ್ಲಿ ಏಕೆ ತುಂಬಬಾರದು ಎಂದು ಆಕೆ ಕೇಳಿದ್ದೇ ಇದಕ್ಕೆ ಮೂಲವೆಂದು ಹೇಳುತ್ತಾರೆ. ತತ್ವ ಸರಳ: ರೋಗ ಇರುವ ಜಾಗಕ್ಕೇ ಔಷಧಿಯನ್ನು ಕಳಿಸಿದರೆ ಅತಿ ಕಡಿಮೆ ಪ್ರಮಾಣ ಸಾಕು. ಸಾಲ್ಬುಟಮಾಲ್ ಔಷಧಿಯ ಒಂದು ಮಾತ್ರೆಯಲ್ಲಿ 4 ಮಿಲಿಗ್ರಾಂ ಇದ್ದರೆ ಇನ್‌ಹೇಲರ್‌ನ ಒಂದು ಒತ್ತಿಗೆ 100 ಮೈಕ್ರೋಗ್ರಾಂ, ಅಂದರೆ ಮಾತ್ರೆಯ ನಲವತ್ತನೆಯ ಒಂದು ಪಾಲು. ಮಾತ್ರೆ ನುಂಗಿದವರ ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು ಈ ಹೆಚ್ಚುವರಿ ಪಾಲಿನಿಂದಲೇ.

ಆದರೆ ಇಲ್ಲಿಯೇ ತೊಡಕಿರುವುದು. ಮಾತ್ರೆ ನುಂಗಲು ಯಾವ ಕೌಶಲವೂ ಬೇಡ. ಅಕ್ಷರ ಬಾರದವರೂ, ಅರ್ಧ ನಿದ್ದೆಯಲ್ಲಿರುವವರೂ ನುಂಗಬಲ್ಲರು, ಒಳಗೆ ಹೋದ ಮೇಲೆ ಅದು ತನ್ನ ಕೆಲಸ ಮಾಡುತ್ತದೆ. ಇನ್‌ಹೇಲರ್ ಹಾಗಲ್ಲ. ಚೆನ್ನಾಗಿ ಅಭ್ಯಾಸವಿದ್ದವರಲ್ಲಿಯೂ ಔಷಧಿಯ ಹತ್ತರಲ್ಲಿ ಒಂದೆರಡು ಪಾಲು ಮಾತ್ರ ಶ್ವಾಸಕೋಶಕ್ಕೆ ಇಳಿಯುತ್ತದೆ. ಉಳಿದದ್ದು ಬಾಯಿ, ಗಂಟಲುಗಳಲ್ಲಿಯೇ ನಿಲ್ಲುತ್ತದೆ. ಅಭ್ಯಾಸವಿಲ್ಲದವರಲ್ಲಿ ಆ ಒಂದೆರಡು ಪಾಲೂ ಇಲ್ಲ. ರೋಗಿಯ ಕೈ, ಬಾಯಿ ಮತ್ತು ಉಸಿರಿನ ಹೊಂದಾಣಿಕೆಯೇ ಇಲ್ಲಿ ಔಷಧಿಯ ಅರ್ಧ ಭಾಗ. ಆ ಅರ್ಧ ಭಾಗವನ್ನು ಔಷಧಿ ಅಂಗಡಿ ಮಾರುವುದಿಲ್ಲ.

ನನ್ನ ಸ್ನೇಹಿತರದು ಒಂದು ಪದ್ಧತಿ. ‘ಔಷಧಿ ತಗೊಳ್ತಿದ್ದೀರಾ’ ಎಂದು ಅವರು ಕೇಳುವುದಿಲ್ಲ. ಆ ಪ್ರಶ್ನೆಗೆ ಎಲ್ಲರೂ ಹೌದೆನ್ನುತ್ತಾರೆ. ‘ಎಲ್ಲಿ ಯಜಮಾನ್ರೆ, ನಿಮ್ಮದನ್ನ ತೆಗೆದು ಹೇಗೆ ತಗೋತೀರಿ ತೋರಿಸಿ’ ಎನ್ನುತ್ತಾರೆ. ಆಗ ತೆರೆದುಕೊಳ್ಳುವ ದೃಶ್ಯಗಳೇ ಬೇರೆ. ಹಿರಿಯೂರಿನ ಕಡೆಯ ಲಾರಿ ಚಾಲಕರೊಬ್ಬರು ಬಾಯಿ ಅಗಲಿಸಿ, ಗಂಟಲಿಗೆ ಸೆಂಟು ಹೊಡೆದುಕೊಳ್ಳುವಂತೆ ಎರಡು ಸಲ ಒತ್ತಿ, ಆ ಮೇಲೆ ಉಸಿರೆಳೆದರು. ಔಷಧಿಯ ಮಂಜು ಅವರ ತುಟಿಯಂಚಿನಿಂದಲೇ ಹೊರಗೆ ತೇಲಿಹೋಯಿತು. ಇನ್ನೊಬ್ಬರು ಮುಚ್ಚಳವನ್ನೇ ತೆಗೆದಿರಲಿಲ್ಲ. ಮತ್ತೊಬ್ಬರ ಡಬ್ಬಿ ಬರಿದಾಗಿ ತಿಂಗಳುಗಳೇ ಕಳೆದಿರಬೇಕು. ‘ಇನ್ನೂ ಸದ್ದು ಬರ್ತದಲ್ಲ ಸಾರ್’ ಎಂದು ಅವರ ವಾದ. ಔಷಧಿ ಮುಗಿದ ಮೇಲೂ ಒಳಗಿನ ಅನಿಲ ಸ್ವಲ್ಪ ಉಳಿದು ಸದ್ದು ಮಾಡುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಒಂದು ಡಬ್ಬಿಯಲ್ಲಿ ಎಷ್ಟು ಒತ್ತುಗಳಿವೆ ಎಂಬುದು ಅದರ ಮೇಲೆಯೇ ಇರುತ್ತದೆ, ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನ ಗಾತ್ರದ ಅಕ್ಷರಗಳಲ್ಲಿ.

ಹೊಸದುರ್ಗದ ಕಡೆಯ ಅಜ್ಜಿಯೊಬ್ಬರದು ನನಗೆ ಬಹಳ ದಿನ ಕಾಡಿದ ಪ್ರಸಂಗ. ಅವರಿಗೆ ಕೊಟ್ಟಿದ್ದು ಪುಡಿ ತುಂಬಿದ ಗುಳಿಗೆ ಮತ್ತು ಅದನ್ನು ಇಟ್ಟು ತಿರುಗಿಸಿ ಎಳೆಯುವ ಪ್ಲಾಸ್ಟಿಕ್ ಸಾಧನ. ಎರಡು ತಿಂಗಳ ಕಾಲ ಅವರು ಆ ಗುಳಿಗೆಗಳನ್ನು ಬೆಳಿಗ್ಗೆ ಒಂದು, ರಾತ್ರಿ ಒಂದರಂತೆ ನಿಷ್ಠೆಯಿಂದ ನೀರಿನ ಜೊತೆ ನುಂಗಿದ್ದರು. ಸಾಧನವನ್ನು ಮೊಮ್ಮಗ ಆಟಕ್ಕೆ ತೆಗೆದುಕೊಂಡಿದ್ದ. ಚೀಟಿಯಲ್ಲಿ ಬರೆದದ್ದು ‘ದಿನಕ್ಕೆರಡು’ ಎಂದೇ. ಅವರು ಅದನ್ನು ಅಕ್ಷರಶಃ ಪಾಲಿಸಿದ್ದರು. ಔಷಧಿ ತಪ್ಪಿಸದ ರೋಗಿ ಎಂದು ಯಾವ ಸಮೀಕ್ಷೆಯಾದರೂ ಅವರನ್ನು ಮೊದಲ ಸಾಲಿನಲ್ಲಿ ಲೆಕ್ಕಹಾಕುತ್ತಿತ್ತು. ಅಜ್ಜಿಯ ಶ್ವಾಸಕೋಶಕ್ಕೆ ಮಾತ್ರ ಒಂದು ಕಣ ಔಷಧಿಯೂ ತಲುಪಿರಲಿಲ್ಲ.

ಸಾಧನವನ್ನು ಕೈಗೆ ಕೊಟ್ಟು ತೋರಿಸಿದಾಗ ಆದದ್ದು ಇನ್ನೂ ಯೋಚಿಸುವಂಥದು. ಅಜ್ಜಿ ಅದನ್ನು ಬಾಯಿಗಿಟ್ಟು ಊದಿದರು. ಅವರೊಬ್ಬರೇ ಅಲ್ಲ, ಅಂದು ಬಂದ ಹೆಂಗಸರಲ್ಲಿ ಹಲವರು ಊದಿದರು. ಪುಡಿ ಒಳಗೆ ಹೋಗುವ ಬದಲು ಹೊರಗೆ ಹಾರಿತು. ಏಕೆಂದು ಹೊಳೆಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ನಲವತ್ತು ವರ್ಷ ಊದುಗೊಳವೆ ಹಿಡಿದು ಒಲೆ ಊದಿದ ಬಾಯಿಗೆ, ಕೊಳವೆಯಂಥದೇನಾದರೂ ಸಿಕ್ಕಿದರೆ ಊದುವುದೇ ಸಹಜ. ಹಿರಿಯ ಕಾಂಪೌಂಡರ್‌ಗಳೂ ‘ಬಾಯಿಗಿಟ್ಕೊಂಡು ಊದಮ್ಮ’ ಎನ್ನುವುದನ್ನು ಕೇಳಿದ್ದೇನೆ. ಅವರ ಮನಸ್ಸಿನಲ್ಲಿರುವುದು ಎಳೆಯುವುದೇ, ಬಾಯಿಗೆ ಬರುವುದು ಊದು ಎಂಬ ಮಾತು. ‘ಎಳೆನೀರನ್ನ ಕೊಳವೆಯಲ್ಲಿ ಜೋರಾಗಿ ಎಳೆದ ಹಾಗೆ’ ಎಂದು ಸ್ನೇಹಿತರು ಹೇಳಿದ ಮೇಲೆ ಅಜ್ಜಿಗೆ ಅರ್ಥವಾಯಿತು. ಒಳಗೆ ಗುಳಿಗೆ ಗರಗರ ತಿರುಗಿದ ಸದ್ದು ಕೇಳಿ ನಕ್ಕರು.

ಇದು ಹಳ್ಳಿಗರ ದಡ್ಡತನವೆಂದು ಯಾರೂ ಭಾವಿಸಬಾರದು. 1975ರಿಂದ 2014ರವರೆಗೆ ಜಗತ್ತಿನ ನಾನಾ ದೇಶಗಳಲ್ಲಿ 54 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ 144 ಅಧ್ಯಯನಗಳನ್ನು ಸ್ಪೇನಿನ ಹೋಕಿಂ ಸಾಂಚಿಸ್ ಮತ್ತು ಸಂಗಡಿಗರು ಒಟ್ಟುಗೂಡಿಸಿ 2016ರಲ್ಲಿ ಪ್ರಕಟಿಸಿದರು. ಇನ್‌ಹೇಲರ್ ಅನ್ನು ಸರಿಯಾಗಿ ಬಳಸುತ್ತಿದ್ದವರು ಶೇ 31 ಮಾತ್ರ. ನಲವತ್ತು ವರ್ಷಗಳಲ್ಲಿ ಸಾಧನಗಳು ಬಗೆಬಗೆಯಾಗಿ ಬದಲಾದವು, ಬಳಕೆಯ ಕೌಶಲ ಮಾತ್ರ ಸುಧಾರಿಸಲಿಲ್ಲ ಎಂಬುದು ಅವರ ತೀರ್ಮಾನ. ಶ್ರೀಮಂತ ದೇಶಗಳ ಪದವೀಧರರ ಗತಿಯೂ ಇದೇ. ಬೆಂಗಳೂರಿನ ನನ್ನ ಬಡಾವಣೆಯಲ್ಲಿ ಬೆಳಗಿನ ನಡಿಗೆಗೆ ಬರುವ ನಿವೃತ್ತ ಇಂಜಿನಿಯರೊಬ್ಬರು ಇನ್‌ಹೇಲರ್ ಬಳಸುವ ರೀತಿ ಆ ಲಾರಿ ಚಾಲಕರಿಗಿಂತ ಹೆಚ್ಚು ಭಿನ್ನವಲ್ಲ.

ಕಲಿಯಬೇಕಾದದ್ದೇನೂ ದೊಡ್ಡ ವಿದ್ಯೆಯಲ್ಲ. ಒತ್ತುವ ಡಬ್ಬಿಯಾದರೆ ಅಲ್ಲಾಡಿಸಬೇಕು, ಉಸಿರನ್ನು ಪೂರ್ತಿ ಹೊರಬಿಡಬೇಕು, ತುಟಿ ಬಿಗಿಯಾಗಿ ಮುಚ್ಚಿ, ನಿಧಾನವಾಗಿ ಉಸಿರೆಳೆಯಲು ಆರಂಭಿಸಿದ ಕ್ಷಣದಲ್ಲಿಯೇ ಒತ್ತಬೇಕು, ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಪುಡಿಯ ಸಾಧನವಾದರೆ ಇದಕ್ಕೆ ತದ್ವಿರುದ್ಧ: ಅಲ್ಲಾಡಿಸುವಂತಿಲ್ಲ, ನಿಧಾನವಾಗಿ ಅಲ್ಲ, ರಭಸದಿಂದ ಎಳೆಯಬೇಕು. ಒಬ್ಬರಿಗೇ ಎರಡೂ ಬಗೆಯನ್ನು ಕೊಟ್ಟು ಒಂದೇ ವಾಕ್ಯದಲ್ಲಿ ವಿವರಿಸಿ ಕಳಿಸಿದರೆ ಗೊಂದಲವಾಗದೆ ಇನ್ನೇನಾದೀತು? ರೋಗ ಬಲಿತ ವೃದ್ಧರಿಗೆ ರಭಸದಿಂದ ಎಳೆಯುವ ಶಕ್ತಿಯೇ ಇರುವುದಿಲ್ಲ ಎಂಬುದು ಬೇರೆ ಮಾತು. ಸ್ಟೀರಾಯ್ಡ್ ಇರುವ ಔಷಧಿಯಾದರೆ ಬಾಯಿ ಮುಕ್ಕಳಿಸಿ ಉಗುಳಬೇಕು; ಇಲ್ಲವಾದರೆ ನಾಲಗೆಯ ಮೇಲೆ ಬಿಳಿಯ ಬೂಷ್ಟು ಹಿಡಿದು, ‘ಈ ಔಷಧಿ ಉಷ್ಣ’ ಎಂದು ರೋಗಿ ಅದನ್ನು ಬಿಟ್ಟುಬಿಡುತ್ತಾನೆ.

ಬಳಕೆಯ ತಪ್ಪು ಒಂದಾದರೆ, ಬಳಸಲು ಒಪ್ಪದಿರುವುದು ಇನ್ನೊಂದು. ‘ಅದು ಕಟ್ಟಕಡೇದಲ್ವಾ ಸ್ವಾಮಿ, ಈಗಲೇ ಯಾಕೆ?’ ಎಂದು ಹೊಳಲ್ಕೆರೆಯಲ್ಲಿ ಒಬ್ಬ ರೈತರು ಕೇಳಿದರು. ಇನ್‌ಹೇಲರ್ ಕೈಗೆ ಬಂತೆಂದರೆ ಆಸೆ ಬಿಟ್ಟಂತೆ ಎಂಬ ಭಾವನೆ ಆಳವಾಗಿದೆ. ಅದು ಚಟವಾಗುತ್ತದೆ, ಒಮ್ಮೆ ಹಿಡಿದರೆ ಬಿಡಲಾಗದು ಎಂಬ ಭಯ ಅದಕ್ಕಿಂತ ಹೆಚ್ಚು. ಮಾತ್ರೆಯನ್ನು ಹತ್ತು ವರ್ಷದಿಂದ ಬಿಡದೆ ನುಂಗುತ್ತಿರುವವರೇ ಈ ಮಾತು ಹೇಳುತ್ತಾರೆ. ಮದುವೆಗೆ ಬಂದ ಮಗಳಿಗೆ ಅಸ್ತಮಾ ಇದ್ದರೆ, ನೆಂಟರ ಎದುರು ಇನ್‌ಹೇಲರ್ ತೆಗೆಯಬೇಡವೆಂದು ತಾಯಂದಿರೇ ಕಟ್ಟಪ್ಪಣೆ ಮಾಡುತ್ತಾರೆ. ಪ್ರತಿ ಮೃಗಶಿರಾ ಕಾರ್ತೆಗೆ ಹೈದರಾಬಾದಿಗೆ ಹೋಗಿ ಬತ್ತಿನಿ ಕುಟುಂಬದವರು ಕೊಡುವ ಮೀನಿನ ಔಷಧಿ ನುಂಗಿ ಬರುವವರು ನಮ್ಮಲ್ಲಿಯೂ ಇದ್ದಾರೆ. ವರ್ಷಕ್ಕೊಮ್ಮೆ ಒಂದು ಗುಟುಕು ಸಾಕೆನ್ನುವ ಆಶ್ವಾಸನೆಯ ಎದುರು ದಿನಕ್ಕೆರಡು ಬಾರಿ, ಜೀವನಪೂರ್ತಿ ಎನ್ನುವ ವಿಜ್ಞಾನ ಸೋಲುವುದರಲ್ಲಿ ಆಶ್ಚರ್ಯವೇನಿದೆ?

ಆದರೆ ಸೇದುವ ಔಷಧಿ ನಮಗೆ ಪರಕೀಯವೆನ್ನುವುದು ಸರಿಯಲ್ಲ. ಔಷಧೀಯ ಧೂಮಪಾನವನ್ನು ಆಯುರ್ವೇದ ಹೇಳುತ್ತದೆ. ಉಬ್ಬಸಕ್ಕೆ ಉಮ್ಮತ್ತಿಯ ಹೊಗೆ ಸೇದುವ ಪದ್ಧತಿಯನ್ನು 1802ರಲ್ಲಿ ಬ್ರಿಟನ್ನಿಗೆ ಪರಿಚಯಿಸಿದವರು ಮದರಾಸಿನಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಜೇಮ್ಸ್ ಆಂಡರ್ಸನ್. ಉಮ್ಮತ್ತಿಯ ಸತ್ವವಾದ ಅಟ್ರೋಪಿನ್‌ನಿಂದಲೇ ಮುಂದೆ ಇಪ್ರಾಟ್ರೋಪಿಯಂ, ಟಯೋಟ್ರೋಪಿಯಂ ಎಂಬ ಇಂದಿನ ಇನ್‌ಹೇಲರ್ ಔಷಧಿಗಳು ಹುಟ್ಟಿಕೊಂಡವು. ಉಮ್ಮತ್ತಿ ವಿಷ, ಅದರ ಹೊಗೆಯನ್ನು ಈಗ ಯಾರೂ ಸೇದಬಾರದು. ಆದರೆ ನಮ್ಮ ತಿಪ್ಪೆಗಳ ಪಕ್ಕ ಬೆಳೆಯುವ ಗಿಡದ ವಂಶಸ್ಥನೇ ನಿಮ್ಮ ಕೈಯಲ್ಲಿದ್ದಾನೆ ಎಂದು ಹೇಳಿದಾಗ ಹೊಳಲ್ಕೆರೆಯ ರೈತರ ಮುಖ ಸ್ವಲ್ಪ ಸಡಿಲವಾಯಿತು.

ಇನ್ನು ನನ್ನ ವಿಷಯವಾದ ಅರ್ಥಶಾಸ್ತ್ರಕ್ಕೆ ಬರೋಣ. ಸಿಒಪಿಡಿ ರೋಗಿಗೆ ಸಾಮಾನ್ಯವಾಗಿ ಎರಡು ಬಗೆಯ ಔಷಧಿ. ಒಂದು, ಉಸಿರು ಕಟ್ಟಿದಾಗ ನಿಮಿಷಗಳಲ್ಲಿ ಆರಾಮ ಕೊಡುವಂಥದು. ಇನ್ನೊಂದು, ದಿನವೂ ತೆಗೆದುಕೊಂಡರೆ ಉಸಿರು ಕಟ್ಟುವ ಪ್ರಸಂಗವನ್ನೇ ಕಡಿಮೆ ಮಾಡುವಂಥದು. ಮೊದಲನೆಯದರ ಫಲ ಕೂಡಲೇ ಕಾಣುತ್ತದೆ, ಬೆಲೆಯೂ ಕಡಿಮೆ. ಎರಡನೆಯದು ತಿಂಗಳಿಗೆ ಕೆಲವು ನೂರು ರೂಪಾಯಿ. ಅದರ ಫಲವೆಂದರೆ ಏನೂ ಆಗದಿರುವುದು. ಏನೂ ಆಗದಿರುವುದಕ್ಕೆ ಪ್ರತಿ ತಿಂಗಳೂ ಹಣ ಕೊಡಲು ಯಾವ ಗೃಹಸ್ಥ ಸುಲಭವಾಗಿ ಒಪ್ಪುತ್ತಾನೆ? ಎರಡು ವಾರ ಚೆನ್ನಾಗಿದ್ದರೆ ನಿಲ್ಲಿಸುತ್ತಾನೆ. ಮಳೆಗಾಲದ ಕೊನೆಗೋ ಚಳಿಗಾಲದ ಆರಂಭಕ್ಕೋ ಉಲ್ಬಣಿಸಿ ಆಸ್ಪತ್ರೆ ಸೇರಿದಾಗ ಆಗುವ ಖರ್ಚು ಒಂದು ವರ್ಷದ ಇನ್‌ಹೇಲರ್ ಖರ್ಚನ್ನು ಮೀರುತ್ತದೆ. ಆದರೆ ಆ ಖರ್ಚು ಸಾಲ ಮಾಡಿ ಒಮ್ಮೆಗೇ ಮಾಡುವಂಥದು. ನೆಂಟರು ಸಹಾಯ ಮಾಡುತ್ತಾರೆ. ತಿಂಗಳ ಇನ್‌ಹೇಲರ್‌ಗೆ ಸಾಲ ಕೊಡುವ ನೆಂಟರಿಲ್ಲ.

ಮಾರುಕಟ್ಟೆಯೂ ರೋಗಿಯ ಈ ಒಲವಿಗೆ ತಕ್ಕಂತೆಯೇ ಇದೆ. ಸಣ್ಣ ಊರಿನ ಖಾಸಗಿ ಕ್ಲಿನಿಕ್ಕಿನಲ್ಲಿ ಒಂದು ಇಂಜೆಕ್ಷನ್ನಿಗೆ ಹಣವಿದೆ, ಮೂಗಿಗೆ ಮಾಸ್ಕ್ ಹಾಕಿ ನೆಬ್ಯುಲೈಸರ್ ಕೊಡುವುದಕ್ಕೆ ಹಣವಿದೆ, ಹತ್ತು ನಿಮಿಷ ಕೂತು ಇನ್‌ಹೇಲರ್ ಕಲಿಸುವುದಕ್ಕೆ ಬಿಡಿಗಾಸೂ ಇಲ್ಲ. ಚೆನ್ನಾಗಿ ಕಲಿತ ರೋಗಿ ಮುಂದಿನ ವಾರ ಬರುವುದಿಲ್ಲ ಕೂಡ. ಇದರಲ್ಲಿ ಯಾರ ದುರುದ್ದೇಶವನ್ನೂ ಹುಡುಕಬೇಕಾಗಿಲ್ಲ. ಯಾವ ಕೆಲಸಕ್ಕೆ ಸಂಭಾವನೆಯಿಲ್ಲವೋ ಆ ಕೆಲಸ ಆಗುವುದಿಲ್ಲ, ಅಷ್ಟೆ. 2024ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರವು ಎಂಟು ಔಷಧಿಗಳ ಗರಿಷ್ಠ ಬೆಲೆಯನ್ನು ಶೇ 50ರಷ್ಟು ಏರಿಸಿತು. ಕಡಿಮೆ ಬೆಲೆಯಿಂದಾಗಿ ತಯಾರಿಕೆಯೇ ನಿಲ್ಲಬಾರದೆಂಬುದು ಅದರ ಸಮರ್ಥನೆ. ಆ ಪಟ್ಟಿಯಲ್ಲಿ ಸಾಲ್ಬುಟಮಾಲ್‌ನ 2 ಮತ್ತು 4 ಮಿಲಿಗ್ರಾಂ ಮಾತ್ರೆಗಳೂ ನೆಬ್ಯುಲೈಸರ್ ದ್ರಾವಣವೂ ಇದ್ದವು. ಇನ್‌ಹೇಲರ್ ಬಂದು ಆರೂವರೆ ದಶಕ ಕಳೆದ ಮೇಲೂ ಆ ಮಾತ್ರೆ ಅತ್ಯಗತ್ಯವಾಗಿ ಉಳಿದಿದೆ ಎಂದರೆ ದೇಶದ ರೋಗಿಗಳು ಯಾವುದನ್ನು ನೆಚ್ಚಿದ್ದಾರೆ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಔಷಧಿಯನ್ನು ತಪ್ಪದೆ ತೆಗೆದುಕೊಂಡರೆ ಎಷ್ಟು ಲಾಭ ಎಂಬುದಕ್ಕೆ ಸಾಮಾನ್ಯವಾಗಿ ‘ಟಾರ್ಚ್’ ಎಂಬ ದೊಡ್ಡ ಪ್ರಯೋಗವನ್ನು ಉದಾಹರಿಸುತ್ತಾರೆ. ಅದರ ಅಂಕಿಅಂಶಗಳನ್ನು ಆಧರಿಸಿದ 2009ರ ವಿಶ್ಲೇಷಣೆಯಂತೆ ಮೂರು ವರ್ಷಗಳಲ್ಲಿ ಔಷಧಿಯನ್ನು ಕ್ರಮವಾಗಿ ಬಳಸಿದವರಲ್ಲಿ ಶೇ 11.3ರಷ್ಟು, ಬಳಸದವರಲ್ಲಿ ಶೇ 26.4ರಷ್ಟು ಜನ ಸತ್ತರು. ಅಂಕಿ ಬೆರಗುಗೊಳಿಸುವಂಥದು. ಆದರೆ ಓದುಗರು ಸ್ವಲ್ಪ ತಾಳಬೇಕು: ಔಷಧಿಯೇ ಇಲ್ಲದ ಹುಸಿ ಇನ್‌ಹೇಲರ್ ಪಡೆದವರಲ್ಲಿಯೂ ಇದೇ ವ್ಯತ್ಯಾಸ ಕಂಡಿತ್ತು. ಎಂದರೆ ಔಷಧಿ ತಪ್ಪಿಸದವರು ಇತರ ವಿಷಯಗಳಲ್ಲಿಯೂ ಶಿಸ್ತಿನವರು, ಅಥವಾ ಅವರನ್ನು ನೋಡಿಕೊಳ್ಳುವವರು ಮನೆಯಲ್ಲಿದ್ದಾರೆ. ಔಷಧಿಯ ಮಹಿಮೆಯನ್ನು ಇದು ಸಾಬೀತುಪಡಿಸುವುದಿಲ್ಲ. ಯಾರ ಬಳಿ ನೆರವಿನ ಕೈಯಿಲ್ಲವೋ ಅವರೇ ಬೇಗ ಸಾಯುತ್ತಾರೆ ಎಂಬುದನ್ನು ಮಾತ್ರ ಸೂಚಿಸುತ್ತದೆ. ನನ್ನ ಮಟ್ಟಿಗೆ ಅದು ಹೆಚ್ಚು ಮುಖ್ಯವಾದ ಪಾಠ.

ನೆರವಿನ ಕೈ ಹೇಗಿರಬೇಕೆಂಬುದು ನಮ್ಮ ಆರೋಗ್ಯ ಇಲಾಖೆಗೆ ಚೆನ್ನಾಗಿ ಗೊತ್ತು. ಅದೇ ಎದೆಯ ಇನ್ನೊಂದು ರೋಗವಾದ ಕ್ಷಯದ ವಿಷಯದಲ್ಲಿ ಅದು ಇದನ್ನು ಮಾಡಿ ತೋರಿಸಿದೆ. 1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯ ಸಂಸ್ಥೆಯ ಕೆಲಸದಿಂದ ಮೊದಲುಗೊಂಡು, ಮಾತ್ರೆಯನ್ನು ಕಣ್ಣೆದುರೇ ನುಂಗಿಸುವ ಡಾಟ್ಸ್ ಪದ್ಧತಿ, 2018ರಿಂದ ರೋಗಿಯ ಖಾತೆಗೆ ತಿಂಗಳಿಗೆ 500 ರೂಪಾಯಿ, 2024ರ ನವೆಂಬರ್‌ನಿಂದ 1000 ರೂಪಾಯಿ ಪೋಷಣೆಯ ನೆರವು, ಹೀಗೆ ಒಬ್ಬೊಬ್ಬ ರೋಗಿಯ ಹಿಂದೆಯೂ ಒಂದು ದಾಖಲೆ, ಒಬ್ಬ ಜವಾಬ್ದಾರ ವ್ಯಕ್ತಿ ಇದ್ದಾರೆ. ನುಂಗಿದರೆ ಸಾಕಾದ ಮಾತ್ರೆಗೆ ಇಷ್ಟೊಂದು ಕಣ್ಗಾವಲು. ಕಲಿಸದೆ ಬಳಸಲಾಗದ ಇನ್‌ಹೇಲರ್‌ಗೆ ಯಾರೂ ಇಲ್ಲ. ಕ್ಷಯ ವಾಸಿಯಾಗಿ ಹೆಸರು ಕಡತದಿಂದ ಹೊರಬಿದ್ದ ಮರುದಿನದಿಂದ ಅದೇ ಮನುಷ್ಯ ಏದುಸಿರಿನೊಂದಿಗೆ ಒಂಟಿ.

ಕಾಗದದ ಮೇಲೆ ಸಿಒಪಿಡಿ ಇಲ್ಲವೆಂದಲ್ಲ. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಅದು ಈಗ ಸೇರಿದೆ. ಆಶಾ ಕಾರ್ಯಕರ್ತೆಯರು ಮೂವತ್ತು ದಾಟಿದವರ ಮನೆಗೆ ಹೋಗಿ ತುಂಬುವ ನಮೂನೆಯಲ್ಲಿ ಉಸಿರಾಟದ ತೊಂದರೆಯ ಪ್ರಶ್ನೆಯಿದೆ, ಯಾವ ಇಂಧನದಲ್ಲಿ ಅಡುಗೆ ಎಂಬ ಪ್ರಶ್ನೆಯೂ ಇದೆ. ನಮೂನೆ ತುಂಬಿದ ನಂತರ ಏನು? ಶ್ವಾಸಕೋಶದ ಸಾಮರ್ಥ್ಯವನ್ನು ಅಳೆಯುವ ಸ್ಪೈರೋಮೀಟರ್ ತಾಲ್ಲೂಕು ಮಟ್ಟದಲ್ಲಿ ವಿರಳ. ಅದಿದ್ದಲ್ಲಿ ಅದನ್ನು ಬಳಸಬಲ್ಲವರು ಇನ್ನೂ ವಿರಳ. ಆದ್ದರಿಂದ ಹೊಸದುರ್ಗದ ರೋಗಿ ಚಿತ್ರದುರ್ಗಕ್ಕೋ ದಾವಣಗೆರೆಗೋ ಹೋಗಬೇಕು. ಜೊತೆಗೊಬ್ಬರು ಬೇಕು; ಇಬ್ಬರ ಕೂಲಿ ಹೋಯಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತ. ಆದರೆ ಈ ಭಾಗದ ಎಷ್ಟೋ ಹಳ್ಳಿಗಳಿಗೆ ಓಡುವುದು ಖಾಸಗಿ ಬಸ್ಸು. ಅದರಲ್ಲಿ ಶಕ್ತಿ ನಡೆಯುವುದಿಲ್ಲ.

ಸರ್ಕಾರಿ ಸೇವೆಯಲ್ಲಿ ಮೂರು ದಶಕ ಕಳೆದವನಿಗೆ ಒಂದು ಸಂಗತಿ ಗೊತ್ತಿರುತ್ತದೆ: ವಹಿಯಲ್ಲಿ ಕಾಲಂ ಇಲ್ಲದ ಕೆಲಸ ನಡೆಯುವುದಿಲ್ಲ. ಎಷ್ಟು ಇನ್‌ಹೇಲರ್ ಬೇಡಿಕೆ ಸಲ್ಲಿಸಿದಿರಿ, ಎಷ್ಟು ಬಂತು, ಎಷ್ಟು ವಿತರಿಸಿದಿರಿ, ಎಷ್ಟು ಅವಧಿ ಮೀರಿತು ಎಂಬ ಕಾಲಂಗಳಿವೆ. ‘ರೋಗಿ ಬಳಸಿ ತೋರಿಸಿದರೇ?’ ಎಂಬ ಒಂದು ಕಾಲಂ ಸೇರಿಸಲು ಹೊಸ ಯೋಜನೆ ಬೇಡ, ಸಚಿವ ಸಂಪುಟದ ಒಪ್ಪಿಗೆ ಬೇಡ, ಇಲಾಖೆಯ ಒಂದು ಸುತ್ತೋಲೆ ಸಾಕು. ಮೊದಲ ದಿನ, ಹದಿನೈದನೆಯ ದಿನ, ಆಮೇಲೆ ಮೂರು ತಿಂಗಳಿಗೊಮ್ಮೆ. ಒಮ್ಮೆ ಕಲಿಸಿದ್ದು ಮರೆತುಹೋಗುತ್ತದೆ ಎಂಬುದನ್ನು ಈ ಕ್ಷೇತ್ರದ ಎಲ್ಲರೂ ಒಪ್ಪುತ್ತಾರೆ. ನಮ್ಮ ಆ ಅಜ್ಜಿಯೇ ಎರಡನೆಯ ಬಾರಿ ಬಂದಾಗ ಮತ್ತೆ ಊದಿದ್ದರು.

ಕಲಿಸುವವರು ಯಾರು ಎಂದು ಕೇಳಬಹುದು. ನೂರಾರು ಜನರ ಸಾಲು ನೋಡುವ ವೈದ್ಯರಿಂದ ಇದನ್ನು ನಿರೀಕ್ಷಿಸುವುದು ಅನ್ಯಾಯ. 2015ರ ಫಾರ್ಮಸಿ ವೃತ್ತಿ ನಿಯಮಗಳು ರೋಗಿಗೆ ಔಷಧಿಯ ಬಳಕೆಯನ್ನು ವಿವರಿಸುವುದನ್ನು ಫಾರ್ಮಸಿಸ್ಟರ ಕರ್ತವ್ಯವೆಂದೇ ಹೇಳುತ್ತವೆ. ಚಿತ್ರದುರ್ಗದಲ್ಲಿ ಬಸವೇಶ್ವರ ವೈದ್ಯಕೀಯ ಕಾಲೇಜಿದೆ, ಎಸ್.ಜೆ.ಎಂ. ಫಾರ್ಮಸಿ ಕಾಲೇಜಿದೆ, 2023ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಅಂತಿಮ ವರ್ಷದ ವಿದ್ಯಾರ್ಥಿಗಳನ್ನು ವಾರಕ್ಕೊಂದು ದಿನ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ತಾಲ್ಲೂಕು ಆಸ್ಪತ್ರೆಯ ಔಷಧಿ ಕಿಟಕಿಯ ಪಕ್ಕ ಕೂರಿಸಿದರೆ ಅವರಿಗೂ ಕಲಿಕೆ, ರೋಗಿಗೂ ಕಲಿಕೆ. ಆಶಾ ಕಾರ್ಯಕರ್ತೆಯರಿಗೂ ಕಲಿಸಬಹುದು, ಆದರೆ ಪ್ರತಿ ಭೇಟಿಗೆ ಇಷ್ಟೆಂದು ಪ್ರೋತ್ಸಾಹಧನ ಗೊತ್ತುಮಾಡಿಯೇ. ಈಗಾಗಲೇ ಹೊತ್ತಿರುವ ಹೊರೆಯ ಮೇಲೆ ಬಿಟ್ಟಿ ಕೆಲಸವನ್ನು ಹೇರುವುದು ನಮ್ಮ ಇಲಾಖೆಗಳ ಹಳೆಯ ಚಾಳಿ.

ಇನ್ನೊಂದು ಅಗ್ಗದ ಉಪಾಯವಿದೆ. ಒತ್ತುವುದು ಮತ್ತು ಎಳೆಯುವುದನ್ನು ಒಟ್ಟಿಗೆ ಮಾಡಲಾಗದ ವೃದ್ಧರಿಗೆ ‘ಸ್ಪೇಸರ್’ ಎಂಬ ಪೊಳ್ಳು ನಳಿಕೆಯನ್ನು ಕೊಡುತ್ತಾರೆ. ಔಷಧಿ ಅದರೊಳಗೆ ತುಂಬಿಕೊಳ್ಳುತ್ತದೆ, ರೋಗಿ ತನ್ನ ಪಾಡಿಗೆ ನಿಧಾನವಾಗಿ ಉಸಿರಾಡಬಹುದು. ಅಂಗಡಿಯಲ್ಲಿ ಅದಕ್ಕೆ ಪ್ರತ್ಯೇಕ ದುಡ್ಡು. ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಡಾ. ಹೆದರ್ ಝಾರ್ ಮತ್ತು ಸಂಗಡಿಗರು ಅರ್ಧ ಲೀಟರಿನ ತಂಪು ಪಾನೀಯದ ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ಇನ್‌ಹೇಲರ್ ಬಾಯಿಯ ಅಳತೆಗೆ ತೂತು ಮಾಡಿ, ಸಂದು ಬಿಡದಂತೆ ಅಂಟಿಸಿ, ಅಸ್ತಮಾ ಉಲ್ಬಣಿಸಿದ ಮಕ್ಕಳಿಗೆ ಕೊಟ್ಟು ನೋಡಿದರು. ಅಂಗಡಿಯ ಸ್ಪೇಸರಿನಷ್ಟೇ ಅದು ಕೆಲಸ ಮಾಡಿತೆಂದು 1999ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದರು. ಹೊಳಲ್ಕೆರೆಯ ಬಸ್ ನಿಲ್ದಾಣದ ಹಿಂದೆ ಅಂಥ ಬಾಟಲಿಗಳು ರಾಶಿ ಬಿದ್ದಿರುತ್ತವೆ. ಕಳೆದ ಬಾರಿ ಸ್ನೇಹಿತರು ಇಪ್ಪತ್ತು ಹೊಸ ಬಾಟಲಿಗಳನ್ನು ತೊಳೆದು, ತಂತಿ ಕಾಯಿಸಿ ತೂತು ಮಾಡಿಸಿ ತಂದಿದ್ದರು. ಮಧ್ಯಾಹ್ನದೊಳಗೆ ಇಪ್ಪತ್ತೂ ಖಾಲಿಯಾದವು. ಆ ಲಾರಿ ಚಾಲಕರು ಎರಡು ಕೇಳಿ ಪಡೆದರು. ಒಂದು ಮನೆಗೆ, ಒಂದು ಲಾರಿಗೆ.